ಒಂದು ಜಾಡು, ಎರಡು ಸಂಖ್ಯೆ: ವಿನ್ಸೆನ್ಸ್ ವಿಚಾರಣಾ ವರದಿಯ ಒಂದು ವಿಮರ್ಶೆ

೧

೧೯೮೮ನೆಯ ಇಸವಿ ಜುಲೈ ೩ರ ಬೆಳಿಗ್ಗೆ, ಇರಾನಿನ ಬಂದರ್ ಅಬ್ಬಾಸಿನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ ಸಂಸ್ಥೆಯ ೬೫೫ನೆಯ ಸಂಖ್ಯೆಯ ಪ್ರಯಾಣಿಕ ವಿಮಾನವನ್ನು ಹೊರ್ಮುಜ್ ಜಲಸಂಧಿಯಲ್ಲಿದ್ದ ಅಮೆರಿಕದ ನೌಕಾಪಡೆಯ ವಿನ್ಸೆನ್ಸ್ ಎಂಬ ಕ್ರೂಸರು ಎರಡು ಕ್ಷಿಪಣಿಗಳಿಂದ ಹೊಡೆದುರುಳಿಸಿತು. ವಿಮಾನದಲ್ಲಿದ್ದ ೨೯೦ ಮಂದಿಯಲ್ಲಿ ಒಬ್ಬರೂ ಬದುಕಿ ಉಳಿಯಲಿಲ್ಲ. ಮಡಿದವರಲ್ಲಿ ೬೬ ಮಂದಿ ಮಕ್ಕಳು. ಹತ್ತು ಮಂದಿ ಭಾರತೀಯರು. ವಿಮಾನವು ನೆಲವನ್ನು ಬಿಟ್ಟುದು ಇರಾನಿನ ಕಾಲಮಾನದಂತೆ ೧೦ ಗಂಟೆ ೧೭ ನಿಮಿಷಕ್ಕೆ; ಕ್ಷಿಪಣಿಗಳು ಹೊರಟುದು ೧೦ ಗಂಟೆ ೨೪ ನಿಮಿಷಕ್ಕೆ. ಈ ಏಳು ನಿಮಿಷಗಳ ಇತಿಹಾಸವೇ ನಮ್ಮ ವಿಷಯ.

ಘಟನೆ ನಡೆದುದರಲ್ಲಿ ವಿವಾದವಿಲ್ಲ, ಏಕೆ ನಡೆಯಿತೆಂಬುದರಲ್ಲಿದೆ. ಉತ್ತರವನ್ನು ಅರಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದ ಆಕರವೆಂದರೆ ರಿಯರ್ ಅಡ್ಮಿರಲ್ ವಿಲಿಯಂ ಫೋಗರ್ಟಿಯವರ ನೇತೃತ್ವದಲ್ಲಿ ನಡೆದ ವಿಚಾರಣೆಯ ವರದಿ. ಅದು ಸಿದ್ಧವಾದುದು ಅದೇ ಜುಲೈ ೨೮ರಂದು. ಗೋಪ್ಯವೆನಿಸಿದ ಭಾಗಗಳನ್ನು ತೆಗೆದು, ಸಂಯುಕ್ತ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರಾಗಿದ್ದ ಅಡ್ಮಿರಲ್ ವಿಲಿಯಂ ಕ್ರೋ ಅವರ ಅಭಿಪ್ರಾಯದೊಡನೆ ಅದನ್ನು ಆಗಸ್ಟ್ ೧೯ರಂದು ಪ್ರಕಟಿಸಲಾಯಿತು. ಆ ವರದಿಯ ಮುಖ್ಯ ನಿರ್ಣಯವೊಂದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಾದ ನಾವು ಯುದ್ಧನೌಕೆಯ ಗಣಕಯಂತ್ರಗಳ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇಲ್ಲಿ ಮೂಲದಲ್ಲಿರುವ ಪ್ರಶ್ನೆ ನಮಗೆ ಅಪರಿಚಿತವಾದುದಲ್ಲ. ಎರಡು ಶಾಸನಗಳಲ್ಲಿ ಒಂದೇ ಹೆಸರು ಬಂದರೆ ಅವು ಒಬ್ಬನನ್ನೇ ಕುರಿತವೋ ಇಬ್ಬರನ್ನೋ. ಎರಡು ಹೆಸರು ಬಂದರೆ ಅವರು ಇಬ್ಬರೋ ಒಬ್ಬನೋ. ರಾಷ್ಟ್ರಕೂಟರ ಮೂವರು ಕೃಷ್ಣರಲ್ಲಿ ಇವನು ಯಾವನು. ಇವು ನಮ್ಮ ದಿನನಿತ್ಯದ ಪ್ರಶ್ನೆಗಳು. ಇವುಗಳಿಗೆ ಉತ್ತರ ಹೇಳಲು ನಮಗೆ ವರ್ಷಗಳ ಅವಕಾಶವಿದೆ; ತಪ್ಪಿದರೆ ಮುಂದಿನ ಸಂಚಿಕೆಯಲ್ಲಿ ತಿದ್ದಿಕೊಳ್ಳಬಹುದು. ವಿನ್ಸೆನ್ಸಿನ ನಾವಿಕರಿಗೆ ಇದ್ದುದು ಏಳು ನಿಮಿಷ.

೨

ವರದಿಯ ವಾದದ ಸಾರವನ್ನು ಮೊದಲು ನ್ಯಾಯವಾಗಿ ನಿರೂಪಿಸಬೇಕು. ವಿನ್ಸೆನ್ಸಿನಲ್ಲಿದ್ದ ಏಜಿಸ್ ಎಂಬ ಯುದ್ಧವ್ಯವಸ್ಥೆ ತಾನು ಕಂಡುದನ್ನೆಲ್ಲ ಕಾಂತಪಟ್ಟಿಗಳ ಮೇಲೆ ದಾಖಲಿಸಿಕೊಳ್ಳುತ್ತಿತ್ತು. ಘಟನೆಯ ಬಳಿಕ ಆ ಪಟ್ಟಿಗಳನ್ನು ಓದಿದಾಗ, ವಿಮಾನವು ಪ್ರಯಾಣಿಕ ವಿಮಾನಗಳಿಗೆ ಗೊತ್ತುಪಡಿಸಿದ ವಾಯುಮಾರ್ಗದೊಳಗೇ ಇದ್ದಿತೆಂದೂ, ನಾಗರಿಕ ವಿಮಾನಗಳು ಕೊಡಬೇಕಾದ ಗುರುತಿನ ಸಂಕೇತವನ್ನೇ ಕೊಡುತ್ತಿದ್ದಿತೆಂದೂ, ಆದಿಯಿಂದ ಅಂತ್ಯದವರೆಗೆ ಮೇಲೇರುತ್ತಲೇ ಇದ್ದಿತೆಂದೂ ಸ್ಪಷ್ಟವಾಯಿತು. ಆದರೆ ನೌಕೆಯ ಯುದ್ಧಮಾಹಿತಿ ಕೊಠಡಿಯಲ್ಲಿದ್ದ ಹಲವರು ಸಾಕ್ಷ್ಯ ನುಡಿದುದು ಬೇರೆಯಾಗಿತ್ತು. ಅದು ಎಫ್-೧೪ ಯುದ್ಧವಿಮಾನವೆಂದೂ, ಸೈನಿಕ ಸಂಕೇತವನ್ನು ಕೊಡುತ್ತಿದ್ದಿತೆಂದೂ, ನೌಕೆಯ ಕಡೆಗೆ ಕೆಳಗಿಳಿಯುತ್ತ ವೇಗವನ್ನು ಹೆಚ್ಚಿಸಿಕೊಳ್ಳುತ್ತಿದ್ದಿತೆಂದೂ ಅವರು ನಂಬಿದ್ದರು.

ಯಂತ್ರದ ದಾಖಲೆಗೂ ಮನುಷ್ಯರ ನಂಬಿಕೆಗೂ ಇರುವ ಈ ಅಂತರವನ್ನು ವರದಿಯು ಮನಶ್ಶಾಸ್ತ್ರದಿಂದ ತುಂಬಿಸುತ್ತದೆ. ಯಂತ್ರ ತನ್ನ ರಚನೆಗೆ ತಕ್ಕಂತೆಯೇ ನಡೆಯಿತು. ಒತ್ತಡಕ್ಕೆ ಸಿಕ್ಕಿದ ಮನುಷ್ಯರು, ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಆಕ್ರಮಣದ ಚಿತ್ರಕ್ಕೆ ಹೊಂದುವಂತೆ, ತಮಗರಿವಿಲ್ಲದೆಯೇ ಅಂಕಿಗಳನ್ನು ತಿರುಚಿ ಓದಿದರು ಎಂಬುದು ಅದರ ತಾತ್ಪರ್ಯ. ಒತ್ತಡವೇನೋ ನಿಜವಾದುದೇ. ಅದೇ ಸಮಯದಲ್ಲಿ ವಿನ್ಸೆನ್ಸ್ ಇರಾನಿನ ಸಣ್ಣ ದೋಣಿಗಳೊಡನೆ ಗುಂಡಿನ ಕಾಳಗದಲ್ಲಿ ತೊಡಗಿತ್ತು. ಮುಂಭಾಗದ ಫಿರಂಗಿ ಕೆಟ್ಟು ನಿಂತಿತ್ತು. ನೌಕೆ ರಭಸದಿಂದ ತಿರುಗುತ್ತಿತ್ತು.

ಈ ವಿವರಣೆ ಅಸಂಗತವೆಂದು ನಾವು ಹೇಳುವುದಿಲ್ಲ. ಅದು ಅಪೂರ್ಣ, ಅಪೂರ್ಣವಾಗಿದ್ದೂ ಪೂರ್ಣವೆಂಬಂತೆ ನಿಂತಿದೆ ಎಂಬುದೇ ನಮ್ಮ ಆಕ್ಷೇಪ.

೩

ಆಕ್ಷೇಪದ ಸ್ವರೂಪ ತಿಳಿಯಬೇಕಾದರೆ ಇಂತಹ ವ್ಯವಸ್ಥೆಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರಿನ ಮುಂದೆ ಕುಳಿತವನು ತಾನು ಕಂಡ ದಿಕ್ಕನ್ನೂ ದೂರವನ್ನೂ ಬಾಯಿಂದ ಹೇಳುತ್ತಿದ್ದನು; ಪಾರದರ್ಶಕ ಫಲಕದ ಹಿಂದೆ ನಿಂತವನೊಬ್ಬನು, ಎದುರಿನ ಅಧಿಕಾರಿಗೆ ನೇರವಾಗಿ ಕಾಣಲೆಂದು, ಅದನ್ನು ತಿರುಗುಮುರುಗಾಗಿ ಬರೆಯುತ್ತಿದ್ದನು; ಇತರ ನೌಕೆಗಳಿಗೆ ಸುದ್ದಿ ರೇಡಿಯೋ ಮಾತಿನ ಮೂಲಕ ಹೋಗುತ್ತಿತ್ತು. ಜೆಟ್ ವಿಮಾನಗಳು ಬಂದ ಮೇಲೆ ಈ ಕ್ರಮ ಸಾಲದಾಯಿತು. ಫಲಕದ ಮೇಲೆ ಗುರುತು ಹಾಕುವಷ್ಟರಲ್ಲಿ ವಿಮಾನ ಮೈಲಿಗಳಾಚೆ ಹೋಗಿರುತ್ತಿತ್ತು.

ಪರಿಹಾರಕ್ಕಾಗಿ ಕೆನಡದವರು ಡೇಟಾರ್ ಎಂಬ ವ್ಯವಸ್ಥೆಯನ್ನು ರಚಿಸಿ ೧೯೫೩ರಲ್ಲಿ ಒಂಟಾರಿಯೊ ಸರೋವರದಲ್ಲಿ ಪ್ರಯೋಗ ಮಾಡಿದರು. ಅಮೆರಿಕದಲ್ಲಿ ಮೆಕ್‌ನ್ಯಾಲಿ ಮತ್ತು ಸ್ವೆಂಡ್ಸನ್ ಎಂಬ ಇಬ್ಬರು ನೌಕಾಧಿಕಾರಿಗಳು ೧೯೫೦ರ ದಶಕದ ಮಧ್ಯದಲ್ಲಿ ನೌಕಾ ಯುದ್ಧ ದತ್ತಾಂಶ ವ್ಯವಸ್ಥೆಯೊಂದರ ಕಲ್ಪನೆಯನ್ನು ರೂಪಿಸಿದರು. ಅದರ ಸಮುದ್ರ ಪರೀಕ್ಷೆ ೧೯೬೧-೬೨ರಲ್ಲಿ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯ ಮೇಲೂ ಕಿಂಗ್, ಮಹಾನ್ ಎಂಬ ಇನ್ನೆರಡು ನೌಕೆಗಳ ಮೇಲೂ ನಡೆಯಿತು. ಅದರಲ್ಲಿ ಸ್ವತಃ ದುಡಿದ ಡೇವಿಡ್ ಬಾಸ್ಲಾ ಅವರು ೧೯೯೯ರಲ್ಲಿ ಈ ಪ್ರಯತ್ನದ ಚರಿತ್ರೆಯನ್ನು ಗ್ರಂಥರೂಪದಲ್ಲಿ ಬರೆದಿದ್ದಾರೆ. ಅಂದಿನ ಗಣಕದ ನೆನಪಿನಲ್ಲಿ ಹಿಡಿಯುತ್ತಿದ್ದುದು ೩೨,೭೬೮ ಪದಗಳು ಮಾತ್ರ. ಒಂದೊಂದು ಪದವೂ ಮೂವತ್ತು ದ್ವಿಮಾನ ಅಂಕಗಳಷ್ಟು ಉದ್ದ. ಈ ಬಡತನವನ್ನು ವಾಚಕರು ನೆನಪಿನಲ್ಲಿಡಬೇಕು.

ರೇಡಾರು ಒಂದು ವಸ್ತುವನ್ನು ಒಮ್ಮೆ ಕಂಡರೆ ದೊರೆಯುವುದು ಒಂದು ಚುಕ್ಕೆ. ಮತ್ತೆ ಮತ್ತೆ ಕಂಡ ಚುಕ್ಕೆಗಳು ಒಂದೇ ವಸ್ತುವಿನವೆಂದು ಗಣಕವು ತೀರ್ಮಾನಿಸಿ ಅವುಗಳನ್ನು ಒಂದು ದಾರಕ್ಕೆ ಪೋಣಿಸಿದಾಗ ದೊರೆಯುವುದನ್ನು ನೌಕಾಪಡೆಯವರು ಟ್ರ್ಯಾಕ್ ಎನ್ನುತ್ತಾರೆ. ನಾವು ಅದನ್ನು ಜಾಡು ಎಂದು ಕರೆಯೋಣ. ಪ್ರತಿಯೊಂದು ಜಾಡಿಗೂ ಒಂದು ಸಂಖ್ಯೆ. ಆ ಸಂಖ್ಯೆಯೇ ಅದರ ಹೆಸರು. ಕೊಠಡಿಯಲ್ಲಿ ಇಪ್ಪತ್ತು ಮಂದಿ ಏಕಕಾಲದಲ್ಲಿ ಮಾತನಾಡುವಾಗ ಅವರ ಬಾಯಲ್ಲಿ ಬರುವುದು ಈ ಹೆಸರೊಂದೇ.

ನೌಕೆ ಒಂಟಿಯಾಗಿದ್ದರೆ ಇಷ್ಟರಿಂದ ಸಾಕಾಗುತ್ತಿತ್ತು. ಆದರೆ ನೌಕೆಗಳು ಲಿಂಕ್-೧೧ ಎಂಬ ರೇಡಿಯೋ ಸಂಪರ್ಕದ ಮೂಲಕ ತಮ್ಮ ತಮ್ಮ ಜಾಡುಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದವು. ಶಾಲೆಯಲ್ಲಿ ಹಾಜರಿ ಕರೆದಂತೆ ನಿಯಂತ್ರಕ ನೌಕೆಯೊಂದು ಉಳಿದವನ್ನು ಸರದಿಯಂತೆ ಕರೆಯುತ್ತದೆ. ಕರೆದಾಗ ಪ್ರತಿಯೊಂದೂ ತನ್ನಲ್ಲಿರುವುದನ್ನು ಒಪ್ಪಿಸುತ್ತದೆ. ಸಂಪರ್ಕದ ವೇಗ ಸೆಕೆಂಡಿಗೆ ಹೆಚ್ಚೆಂದರೆ ೨,೨೫೦ ದ್ವಿಮಾನ ಅಂಕಗಳು. ಎಲ್ಲ ನೌಕೆಗಳ ಪರದೆಗಳ ಮೇಲೂ ಒಂದೇ ಚಿತ್ರ ಮೂಡಬೇಕಾದರೆ ಇಲ್ಲಿ ಮೂರು ಹೊಂದಾಣಿಕೆಗಳು ಕೂಡಿಬರಬೇಕು. ಮೊದಲನೆಯದು ಸ್ಥಳದ ಹೊಂದಾಣಿಕೆ: ತಾನಿರುವ ತಾಣವನ್ನೇ ನೌಕೆಯೊಂದು ತಪ್ಪಾಗಿ ತಿಳಿದಿದ್ದರೆ ಅದು ಕಂಡ ವಿಮಾನವೂ ತಪ್ಪು ತಾಣದಲ್ಲಿ ತೋರಿ, ಒಂದೇ ವಿಮಾನ ಎರಡಾಗುತ್ತದೆ. ಎರಡನೆಯದು ಕಾಲದ ಹೊಂದಾಣಿಕೆ: ೩೮೦ ನಾಟ್ ವೇಗದ ವಿಮಾನ ಹತ್ತು ಸೆಕೆಂಡುಗಳಲ್ಲಿ ಒಂದು ನಾವಿಕ ಮೈಲಿಗಿಂತಲೂ ಹೆಚ್ಚು ಸಾಗುತ್ತದೆ, ಹಳೆಯ ವಾರ್ತೆಯನ್ನು ಹೊಸದೆಂದು ತಿಳಿದರೆ ಕೆಡುತ್ತದೆ. ಮೂರನೆಯದು ಹೆಸರಿನ ಹೊಂದಾಣಿಕೆ: ಒಂದೇ ವಸ್ತುವಿಗೆ ಎರಡು ನೌಕೆಗಳು ಎರಡು ಸಂಖ್ಯೆ ಕೊಟ್ಟಿದ್ದರೆ ಒಂದನ್ನು ಉಳಿಸಿ ಮತ್ತೊಂದನ್ನು ಕೈಬಿಡಬೇಕು.

ಲಿಂಕ್-೧೧ರಲ್ಲಿ ಜಾಡಿನ ಸಂಖ್ಯೆಗೆ ನಾಲ್ಕು ಅಂಕಗಳು. ಅವೂ ಸೊನ್ನೆಯಿಂದ ಏಳರವರೆಗಿನವು ಮಾತ್ರ. ಅಂದರೆ ಒಟ್ಟು ೪,೦೯೬ ಹೆಸರುಗಳು. ಅವುಗಳಲ್ಲಿಯೂ ಕೆಲವು ಬೇರೆ ಕಾರ್ಯಗಳಿಗೆ ಮೀಸಲು. ಹೆಸರುಗಳು ಮಿತವಾಗಿರುವಾಗ ಒಬ್ಬರು ಬಿಟ್ಟ ಹೆಸರನ್ನು ಇನ್ನೊಬ್ಬರಿಗೆ ಕೊಡುವುದು ಅನಿವಾರ್ಯ. ೧೯೫೦ರ ದಶಕದ ಗಣಕದ ಬಡತನ ೧೯೮೮ರ ಕೊಠಡಿಗೆ ಪಿತ್ರಾರ್ಜಿತವಾಗಿ ಬಂದುದು ಈ ದಾರಿಯಿಂದ.

೪

ಈಗ ಆ ಏಳು ನಿಮಿಷಗಳಿಗೆ ಬರೋಣ. ವಿನ್ಸೆನ್ಸ್ ವಿಮಾನವನ್ನು ಕಂಡು ಅದಕ್ಕೆ ೪೪೭೪ ಎಂಬ ಸಂಖ್ಯೆಯನ್ನು ಕೊಟ್ಟಿತು. ಸಮೀಪದಲ್ಲಿದ್ದ ಸೈಡ್ಸ್ ಎಂಬ ನೌಕೆಯೂ ಅದೇ ವಿಮಾನವನ್ನು ಕಂಡು ೪೧೩೧ ಎಂಬ ಸಂಖ್ಯೆಯನ್ನು ಕೊಟ್ಟಿತು. ಲಿಂಕಿನ ಮೂಲಕ ವಾರ್ತೆಗಳು ಸೇರಿದಾಗ, ಇವೆರಡೂ ಒಂದೇ ವಸ್ತುವೆಂದು ವ್ಯವಸ್ಥೆಯು ಸರಿಯಾಗಿಯೇ ಗ್ರಹಿಸಿ, ೪೧೩೧ನ್ನು ಉಳಿಸಿ ೪೪೭೪ನ್ನು ಬಿಟ್ಟುಬಿಟ್ಟಿತು. ಬಿಡುಗಡೆಯಾದ ೪೪೭೪ ಅನಂತರ ನೂರಕ್ಕೂ ಹೆಚ್ಚು ಮೈಲಿಗಳಾಚೆ ಹಾರುತ್ತಿದ್ದ ಅಮೆರಿಕದ ಸೈನಿಕ ವಿಮಾನವೊಂದಕ್ಕೆ ಹೋಗಿ ಅಂಟಿಕೊಂಡಿತು. ಆ ವಿಮಾನ ಕೆಳಗಿಳಿಯುತ್ತಿತ್ತು. ನೌಕೆಯ ನಾಯಕ ಕ್ಯಾಪ್ಟನ್ ವಿಲಿಯಂ ರಾಜರ್ಸ್ ಅವರು ೪೪೭೪ ಏನು ಮಾಡುತ್ತಿದೆ ಎಂದು ಕೇಳಿದಾಗ ಇಳಿಯುತ್ತಿದೆ ಎಂಬ ಉತ್ತರ ಬಂದುದು ಈ ಕಾರಣದಿಂದಲೇ ಎಂದು ಅನಂತರದ ವಿಶ್ಲೇಷಕರು ವಾದಿಸಿದ್ದಾರೆ.

ಈ ವಾದವನ್ನು ಒಪ್ಪಿದರೆ ಚಿತ್ರವೇ ಬದಲಾಗುತ್ತದೆ. ಇಳಿಯುತ್ತಿದೆ ಎಂದವನು ಅಂಕಿಯನ್ನು ತಿರುಚಲಿಲ್ಲ. ಪರದೆಯ ಮೇಲಿದ್ದುದನ್ನೇ ಓದಿದನು. ಯಂತ್ರವೂ ಸುಳ್ಳು ಹೇಳಲಿಲ್ಲ. ೪೪೭೪ ನಿಜವಾಗಿಯೂ ಇಳಿಯುತ್ತಿತ್ತು. ಪ್ರಶ್ನೆಯೂ ಸರಿ, ಉತ್ತರವೂ ಸರಿ. ನಡುವೆ ಹೆಸರು ಮಾತ್ರ ಒಡೆಯನನ್ನು ಬದಲಾಯಿಸಿತ್ತು.

ಇಲ್ಲಿ ವರದಿಯ ಬರವಣಿಗೆಯಲ್ಲಿಯೇ ಇರುವ ಒಂದು ದೋಷವನ್ನು ಗಮನಿಸಬೇಕು. ಅದು ಆ ವಿಮಾನವನ್ನು ಬಹುಮಟ್ಟಿಗೆ ೪೧೩೧ ಎಂದೇ ನಿರ್ದೇಶಿಸುತ್ತದೆ. ಅದು ಕೊನೆಯಲ್ಲಿ ಉಳಿದ ಹೆಸರು. ಅರಸನಿಗೆ ಪಟ್ಟವಾದ ಮೇಲೆ ಬಂದ ಹೆಸರಿನಿಂದ ಅವನ ಬಾಲ್ಯವನ್ನು ವರ್ಣಿಸುವುದು ಚರಿತ್ರೆಕಾರರಿಗೆ ಅನುಕೂಲ. ಆದರೆ ಆ ಬಾಲ್ಯದಲ್ಲಿ ಅವನನ್ನು ಯಾರು ಯಾವ ಹೆಸರಿನಿಂದ ಕರೆಯುತ್ತಿದ್ದರೆಂಬುದೇ ಪ್ರಶ್ನೆಯಾದಾಗ ಈ ಅನುಕೂಲವೇ ಸತ್ಯಕ್ಕೆ ಮರೆಯಾಗುತ್ತದೆ. ಕೊಠಡಿಯಲ್ಲಿದ್ದವರು ಒಂದೇ ಹೆಸರಿನ ಒಂದು ವಸ್ತುವನ್ನು ನೋಡುತ್ತಿದ್ದರೆಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ಆಗ ಇಳಿಯುತ್ತಿದೆ ಎಂಬ ಮಾತು ಕೇವಲ ಭ್ರಮೆಯಾಗಿಯೇ ಕಾಣುತ್ತದೆ.

೫

ಈ ದೃಷ್ಟಿಯಿಂದ ನೋಡಿದರೆ ವರದಿಯಲ್ಲಿ ಬಿಡಿಬಿಡಿಯಾಗಿ ಕಾಣುವ ಇನ್ನೆರಡು ತಪ್ಪುಗಳೂ ಇದೇ ಜಾತಿಗೆ ಸೇರಿದವೆಂದು ತಿಳಿಯುತ್ತದೆ.

ಒಂದು, ಗುರುತಿನ ಸಂಕೇತದ ವಿಷಯ. ವಿಮಾನವು ಕೊಡುತ್ತಿದ್ದುದು ನಾಗರಿಕ ಸಂಕೇತ. ಆದರೆ ನೌಕೆಯಲ್ಲಿ ಒಬ್ಬನು ಸೈನಿಕ ಸಂಕೇತವನ್ನೂ ಕಂಡನು. ಸಂಕೇತವನ್ನು ಕೇಳುವ ಉಪಕರಣವನ್ನು ಒಂದು ನಿರ್ದಿಷ್ಟ ದೂರಕ್ಕೆ ಹೊಂದಿಸಬೇಕು. ವಿಮಾನ ಚಲಿಸಿದಂತೆ ಆ ಹೊಂದಿಕೆಯನ್ನೂ ಚಲಿಸಬೇಕು. ಅದನ್ನು ಬಂದರ್ ಅಬ್ಬಾಸಿನ ಮೇಲೆಯೇ ಬಿಟ್ಟಿದ್ದುದರಿಂದ, ಅಲ್ಲಿದ್ದ ಬೇರೊಂದು ಸೈನಿಕ ವಿಮಾನದ ಉತ್ತರವು ಇದರದೆಂದು ತಿಳಿಯಲ್ಪಟ್ಟಿತೆಂಬುದು ವರದಿಯ ಊಹೆಯೇ. ಕೇಳಿಸಿದ ಸಂಕೇತ ನಿಜವಾದುದು. ಅದನ್ನು ಕಟ್ಟಿದ ಜಾಡು ಮಾತ್ರ ತಪ್ಪು.

ಮತ್ತೊಂದು, ಗಡಿಯಾರದ ವಿಷಯ. ನೌಕೆಯಲ್ಲಿ ನಾಗರಿಕ ವಿಮಾನಗಳ ವೇಳಾಪಟ್ಟಿ ಇತ್ತು. ಒಬ್ಬ ನಾವಿಕನು ಅದನ್ನು ತಿರುವಿಯೂ ನೋಡಿದನು. ವಿಮಾನವು ಇರಾನಿನ ಕಾಲಮಾನದಂತೆ ೯ ಗಂಟೆ ೫೦ ನಿಮಿಷಕ್ಕೆ ಹೊರಡಬೇಕಾದುದು ೨೭ ನಿಮಿಷ ತಡವಾಗಿತ್ತು. ನೌಕೆಯ ಗಡಿಯಾರ ಬಹ್ರೇನಿನ ಕಾಲಮಾನವನ್ನು ಅನುಸರಿಸುತ್ತ ಇರಾನಿಗಿಂತ ಅರ್ಧ ಗಂಟೆ ಹಿಂದಿತ್ತು. ಯಂತ್ರದ ದಾಖಲೆಗಳು ಗ್ರೀನಿಚ್ ಕಾಲಮಾನದಲ್ಲಿದ್ದವು. ವಿಮಾನ ಮೇಲೆದ್ದ ಒಂದೇ ಕ್ಷಣವು ಒಂದರಲ್ಲಿ ೧೦-೧೭, ಇನ್ನೊಂದರಲ್ಲಿ ೯-೪೭, ಮತ್ತೊಂದರಲ್ಲಿ ೬-೪೭. ಇಂತಹ ಸ್ಥಿತಿಯಲ್ಲಿ ಪಟ್ಟಿಯ ಸಾಲನ್ನು ಪರದೆಯ ಚುಕ್ಕೆಗೆ ಜೋಡಿಸಲು ಆ ನಾವಿಕನಿಗೆ ಆಗಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನು?

ಸಂಖ್ಯೆ, ಸಂಕೇತ, ಗಡಿಯಾರ ಈ ಮೂರರಲ್ಲಿಯೂ ಬಿಡಿ ಸಂಗತಿಗಳು ತಪ್ಪಾಗಿರಲಿಲ್ಲ. ಯಾವ ಸಂಗತಿ ಯಾವ ವಸ್ತುವಿಗೆ, ಯಾವ ಕ್ಷಣಕ್ಕೆ ಸೇರಿದುದೆಂಬ ಕೂಡಿಕೆಯೇ ತಪ್ಪಾಗಿತ್ತು. ಈ ಕೂಡಿಕೆ ಯಂತ್ರದ ಕೆಲಸವೋ ಮನುಷ್ಯನ ಕೆಲಸವೋ? ಭಾಗಶಃ ಯಂತ್ರದ್ದು, ಭಾಗಶಃ ಮನುಷ್ಯನದು. ಎರಡರ ನಡುವಿನ ಎಲ್ಲೆಯನ್ನು ನಿರ್ಧರಿಸಿದುದು ತಂತ್ರಾಂಶದ ರಚನೆ. ಆದುದರಿಂದ ಯಂತ್ರ ಸರಿಯಾಗಿತ್ತು, ಮನುಷ್ಯರು ತಪ್ಪಿದರು ಎಂಬ ವರದಿಯ ವಿಭಾಗವೇ ನಿಲ್ಲಲಾರದು. ಎತ್ತರವು ಕೊಠಡಿಯ ದೊಡ್ಡ ಪರದೆಯ ಮೇಲೆ ಕಾಣದೆ ಸಣ್ಣ ಅಂಕಿಪರದೆಯಲ್ಲಿ ಮಾತ್ರ ಕಾಣುತ್ತಿತ್ತೆಂಬುದನ್ನು ಕ್ರೋ ಅವರೇ ಎತ್ತಿ ತೋರಿಸಿ ಸುಧಾರಣೆಯನ್ನು ಸೂಚಿಸಿದರು. ಅಷ್ಟರಮಟ್ಟಿಗೆ ಅವರಿಗೂ ಈ ವಿಭಾಗದಲ್ಲಿ ಪೂರ್ಣ ವಿಶ್ವಾಸವಿರಲಿಲ್ಲವೆಂದು ನಾವು ಭಾವಿಸಬಹುದು.

೬

ನಮ್ಮ ಅಭಿಪ್ರಾಯಕ್ಕೆ ಎರಡು ಆಕ್ಷೇಪಗಳು ಬರಬಹುದು. ಸೈಡ್ಸ್ ನೌಕೆಯ ನಾಯಕ ಡೇವಿಡ್ ಕಾರ್ಲ್‌ಸನ್ ಅವರೂ ಅದೇ ವಿಮಾನವನ್ನು ನೋಡುತ್ತಿದ್ದು, ಅದರಿಂದ ಅಪಾಯವಿಲ್ಲವೆಂದು ನಿರ್ಣಯಿಸಿದ್ದರು. ೧೯೮೯ರಲ್ಲಿ ನೌಕಾಪಡೆಯವರ ಪತ್ರಿಕೆಯೊಂದರಲ್ಲಿ ವಿನ್ಸೆನ್ಸಿನ ನಡತೆಯನ್ನು ಬಹಿರಂಗವಾಗಿ ಟೀಕಿಸಿದರು. ಒಂದೇ ಚಿತ್ರವನ್ನು ಕಂಡ ಇಬ್ಬರಲ್ಲಿ ಒಬ್ಬರು ತಾಳ್ಮೆಯಿಂದಿದ್ದರೆ, ತಪ್ಪು ಚಿತ್ರದ್ದಲ್ಲ, ಮನಸ್ಸಿನದು ಎನ್ನಬಹುದಲ್ಲವೆ? ಇದು ಬಲವಾದ ಆಕ್ಷೇಪ. ಅದರಲ್ಲಿ ಸತ್ಯಾಂಶವಿದೆಯೆಂದು ನಾವು ಒಪ್ಪುತ್ತೇವೆ. ಆದರೆ ಉಳಿದ ಸಂಖ್ಯೆ ಸೈಡ್ಸ್ ಕೊಟ್ಟ ಸಂಖ್ಯೆಯೇ ಎಂಬುದನ್ನು ಮರೆಯಬಾರದು. ಅಲ್ಲಿನವರಿಗೆ ಆ ವಿಮಾನ ಮೊದಲಿನಿಂದ ಕೊನೆಯವರೆಗೆ ೪೧೩೧ ಆಗಿಯೇ ಇತ್ತು. ಹೆಸರು ಬದಲಾದುದು ವಿನ್ಸೆನ್ಸಿನವರಿಗೆ ಮಾತ್ರ. ಇಬ್ಬರೂ ಕಂಡುದು ಒಂದೇ ಚಿತ್ರ ಎಂಬ ಮಾತು ಈ ಒಂದು ಅಂಶದಲ್ಲಿ ಸಡಿಲವಾಗುತ್ತದೆ.

ಎರಡನೆಯದು, ಯಾರು ಯಾವ ಸಂಖ್ಯೆಯನ್ನು ಉಚ್ಚರಿಸಿದರು, ಯಾರು ಏನನ್ನು ಕೇಳಿಸಿಕೊಂಡರು ಎಂಬುದಕ್ಕೆ ನಾವು ಬಹುಮಟ್ಟಿಗೆ ಅನಂತರದ ಸಾಕ್ಷ್ಯವನ್ನೇ ಅವಲಂಬಿಸಬೇಕು. ಆದುದರಿಂದ ಸಂಖ್ಯೆಯ ಬದಲಾವಣೆಯೊಂದೇ ದುರಂತಕ್ಕೆ ಕಾರಣವೆಂದು ನಾವು ಸಾಧಿಸಲಾರೆವು, ಸಾಧಿಸಬಯಸುವುದೂ ಇಲ್ಲ. ಆದರೆ ಇದೇ ಸಾಕ್ಷ್ಯಗಳ ಮೇಲೆ ಮನೋವಿಕಾರದ ವಾದವನ್ನು ಕಟ್ಟಲು ವರದಿಗೆ ಸಂಕೋಚವಾಗಲಿಲ್ಲ. ಎರಡು ಊಹೆಗಳಲ್ಲಿ ಒಂದನ್ನು ವಿಸ್ತಾರವಾಗಿ ಬೆಳೆಸಿ, ಮತ್ತೊಂದಕ್ಕೆ ಅದಕ್ಕೆ ಸಲ್ಲಬೇಕಾದ ಸ್ಥಾನವನ್ನು ಕೊಡದಿರುವುದು ಆಕರ ವಿಮರ್ಶೆಯ ಕ್ರಮವಲ್ಲ. ಆ ವಿಚಾರಣೆಯು ಒಂದು ಪಡೆ ತನ್ನನ್ನು ತಾನೇ ವಿಚಾರಿಸಿಕೊಂಡುದು ಎಂಬುದನ್ನೂ ನೆನೆಯಬೇಕು. ಕ್ಷಿಪಣಿ ಹಾರಿಸಿದಾಗ ವಿನ್ಸೆನ್ಸ್ ಇರಾನಿನ ಜಲಗಡಿಯೊಳಗಿದ್ದಿತೆಂಬ ಸಂಗತಿಯನ್ನು ಕ್ರೋ ಅವರು ಸಾರ್ವಜನಿಕವಾಗಿ ಒಪ್ಪಿದುದು ೧೯೯೨ರಲ್ಲಿ. ಮಡಿದವರ ಕುಟುಂಬಗಳಿಗೆ ೬.೧೮ ಕೋಟಿ ಡಾಲರುಗಳ ಪರಿಹಾರ ಇತ್ಯರ್ಥವಾದುದು ೧೯೯೬ರಲ್ಲಿ.

೭

ತರುವಾಯ ಬಂದ ಸುಧಾರಣೆಗಳು ನಮ್ಮ ವಾದಕ್ಕೆ ಪರೋಕ್ಷವಾಗಿ ಬೆಂಬಲ ಕೊಡುತ್ತವೆ. ಲಿಂಕ್-೧೬ ಎಂಬ ಹೊಸ ಸಂಪರ್ಕದಲ್ಲಿ ಜಾಡಿನ ಸಂಖ್ಯೆಗೆ ಹತ್ತೊಂಬತ್ತು ದ್ವಿಮಾನ ಅಂಕಗಳ ಅವಕಾಶವಿದೆ. ಎಂದರೆ ಐದು ಲಕ್ಷಕ್ಕೂ ಮೀರಿದ ಹೆಸರುಗಳು. ಬಿಟ್ಟ ಹೆಸರನ್ನು ಅವಸರದಲ್ಲಿ ಮತ್ತೊಂದಕ್ಕೆ ಕೊಡಬೇಕಾದ ಒತ್ತಾಯ ಇದರಿಂದ ತಗ್ಗಿತು.

ಇದಕ್ಕಿಂತಲೂ ಮೌಲಿಕವಾದುದು ೧೯೯೦ರ ದಶಕದಲ್ಲಿ ಬಳಕೆಗೆ ಬರತೊಡಗಿದ ಸಹಕಾರ ಕಾರ್ಯಾಚರಣೆಯ ವ್ಯವಸ್ಥೆ. ಹಿಂದಿನ ಕ್ರಮದಲ್ಲಿ ನೌಕೆಗಳು ಹಂಚಿಕೊಳ್ಳುತ್ತಿದ್ದುದು ತಮ್ಮ ತಮ್ಮ ತೀರ್ಮಾನಗಳನ್ನು, ಎಂದರೆ ಸಿದ್ಧವಾದ ಜಾಡುಗಳನ್ನು. ಹೊಸ ಕ್ರಮದಲ್ಲಿ ಅವು ಹಂಚಿಕೊಳ್ಳುವುದು ರೇಡಾರು ಕಂಡ ಮೂಲ ಅಳತೆಗಳನ್ನೇ. ಪ್ರತಿಯೊಂದು ನೌಕೆಯೂ ಎಲ್ಲರ ಅಳತೆಗಳನ್ನೂ ತೆಗೆದುಕೊಂಡು ಒಂದೇ ಸೂತ್ರದಿಂದ ಲೆಕ್ಕ ಹಾಕುವುದರಿಂದ ಎಲ್ಲರಿಗೂ ಒಂದೇ ಜಾಡು ದೊರೆಯಬೇಕೆಂಬುದು ಇದರ ತತ್ತ್ವ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲು ವಿನಿಮಯವಾಗುತ್ತಿದ್ದುದು ಚರಿತ್ರೆಗ್ರಂಥಗಳು. ಈಗ ವಿನಿಮಯವಾಗುವುದು ಶಾಸನದ ಪಡಿಯಚ್ಚುಗಳು.

ಆದರೆ ಇದೂ ನಿರಪಾಯವಾಗಿರಲಿಲ್ಲ. ಎಲ್ಲರಲ್ಲಿಯೂ ಒಂದೇ ಸೂತ್ರವಿದ್ದರಷ್ಟೆ ಫಲವೂ ಒಂದೇ. ೧೯೯೮ರಲ್ಲಿ ಹ್ಯೂ ಸಿಟಿ, ವಿಕ್ಸ್‌ಬರ್ಗ್ ಎಂಬ ಎರಡು ಕ್ರೂಸರುಗಳಲ್ಲಿ ಈ ಹೊಸ ವ್ಯವಸ್ಥೆಯ ತಂತ್ರಾಂಶಕ್ಕೂ ಏಜಿಸಿನ ಹೊಸ ಆವೃತ್ತಿಗೂ ಹೊಂದಾಣಿಕೆ ಬಾರದೆ, ಅವುಗಳನ್ನು ಸಂಚಾರದಿಂದ ಹಿಂದಕ್ಕೆ ಇಡಬೇಕಾಯಿತು. ಎರಡು ನೌಕೆಗಳ ನಡುವೆ ಇದ್ದ ತೊಡಕು ಈಗ ಒಂದೇ ನೌಕೆಯೊಳಗೆ ಎರಡು ತಂತ್ರಾಂಶಗಳ ನಡುವೆ ಬಂದು ಕುಳಿತಿತ್ತು. ಇದು ಮುನ್ನಡೆಯೇ ಎಂಬುದು ನಮ್ಮ ಮತ; ಏಕೆಂದರೆ ಈ ಬಾರಿ ತೊಡಕನ್ನು ಗುರುತಿಸಿ, ಅದನ್ನು ನಾವಿಕರ ಮನಸ್ಸಿನ ಮೇಲೆ ಹೊರಿಸದೆ, ತಂತ್ರಾಂಶದ ದೋಷವೆಂದು ಕರೆಯಲಾಯಿತು.

೮

ಒಟ್ಟಿನಲ್ಲಿ ನಾವು ತಲುಪುವ ನಿರ್ಣಯಗಳು ಇವು. ಎಲ್ಲರ ಪರದೆಯ ಮೇಲೂ ಒಂದೇ ಚಿತ್ರವಿರಬೇಕೆಂಬುದು ಯುಕ್ತವಾದ ಗುರಿ. ಆದರೆ ಐಕಮತ್ಯವೇ ಸತ್ಯವಲ್ಲ. ವಿನ್ಸೆನ್ಸಿನ ವ್ಯವಸ್ಥೆಯು ಎರಡು ಸಂಖ್ಯೆಗಳನ್ನು ಒಂದಾಗಿಸಿದಾಗ ಪರದೆಗಳ ನಡುವೆ ಐಕಮತ್ಯವನ್ನು ಸಾಧಿಸಿತು. ಪರದೆಗೂ ಮನುಷ್ಯನ ನೆನಪಿಗೂ ಇದ್ದ ಸಂಬಂಧವನ್ನು ಅದೇ ಕ್ಷಣದಲ್ಲಿ ಕಡಿದುಹಾಕಿತು. ಮನುಷ್ಯನ ಬಾಯಲ್ಲಿ ಇನ್ನೂ ಓಡಾಡುತ್ತಿರುವ ಹೆಸರನ್ನು ಬೇರೊಂದು ವಸ್ತುವಿಗೆ ಕೊಡಬಾರದು. ಹೆಸರು ಬದಲಾದರೆ ಹಳೆಯ ಹೆಸರು ಇಂಥದೆಂಬುದು ಹೊಸದರ ಪಕ್ಕದಲ್ಲಿ ಕಾಣುತ್ತಿರಬೇಕು. ಹಸ್ತಪ್ರತಿಗಳ ಪಟ್ಟಿ ಮಾಡುವ ಯಾವ ಗ್ರಂಥಾಲಯವೂ ಹೊಸ ಸಂಖ್ಯೆ ಕೊಡುವಾಗ ಹಳೆಯದನ್ನು ಅಳಿಸಿಹಾಕುವುದಿಲ್ಲ. ಇಷ್ಟು ಸಾಮಾನ್ಯವಾದ ಎಚ್ಚರಿಕೆ ಅಲ್ಲಿ ಇದ್ದಿದ್ದರೆ, ಆ ಪ್ರಶ್ನೆಗೆ ಬೇರೆ ಉತ್ತರ ಬರಲು ಅವಕಾಶವಿತ್ತು.

ಇನ್ನು ವರದಿಯ ವಿಷಯ. ಅದರ ಸಂಗತಿಸಂಗ್ರಹ ಬೆಲೆಯುಳ್ಳದ್ದು. ಅದಿಲ್ಲದೆ ಈ ಲೇಖನವೂ ಸಾಧ್ಯವಿರಲಿಲ್ಲ. ಆದರೆ ಅದು ಘಟನೆ ಮುಗಿದ ಮೇಲೆ, ನಿಶ್ಶಬ್ದವಾದ ಕೊಠಡಿಯಲ್ಲಿ, ಎಲ್ಲ ಹೆಸರುಗಳೂ ಸ್ಥಿರವಾದ ಬಳಿಕ ಓದಿದ ದಾಖಲೆಯನ್ನು, ಹೆಸರುಗಳು ಇನ್ನೂ ಚಲಿಸುತ್ತಿದ್ದಾಗ ನಾವಿಕರು ಕಂಡುದರೊಡನೆ ಸಮೀಕರಿಸಿತು. ಚರಿತ್ರೆಯ ವಿದ್ಯಾರ್ಥಿಗಳು ಈ ತಪ್ಪನ್ನು ತಮ್ಮ ಕ್ಷೇತ್ರದಲ್ಲಿಯೂ ಎದುರಿಸಬೇಕಾಗುತ್ತದೆ. ಗತಕಾಲದವರು ಏನನ್ನು ಅರಿಯಬಹುದಾಗಿತ್ತೆಂಬುದನ್ನು ನಮಗೆ ಈಗ ತಿಳಿದಿರುವುದರಿಂದ ಅಳೆಯಬಾರದು. ಅವರ ಕೈಯಲ್ಲಿ ಅಂದು ಯಾವ ಹೆಸರು, ಯಾವ ಗಡಿಯಾರ, ಯಾವ ಪತ್ರ ಇತ್ತೆಂಬುದನ್ನು ಮೊದಲು ಗೊತ್ತುಪಡಿಸಿಕೊಳ್ಳಬೇಕು. ತಪ್ಪಿತಸ್ಥರಾರೆಂಬ ವಿಚಾರ ಅನಂತರದ್ದು. ಯುದ್ಧವ್ಯವಸ್ಥೆಗಳ ತಂತ್ರಾಂಶವೂ ಇಂದು ಚರಿತ್ರೆಯ ಆಕರವೇ ಆಗಿರುವುದರಿಂದ, ನಮ್ಮ ವಿಭಾಗಗಳಲ್ಲಿ ಈ ದಿಕ್ಕಿನ ಅಭ್ಯಾಸ ನಡೆಯಬೇಕಾದುದು ಆವಶ್ಯಕ.